ಅಬ್ಬಾ ಉಜ್ಜಿದ ಪ್ರೈಮರ್

ಸರ್ರ್, ಸರ್ರ್ ಎಂದು ಏನನ್ನೋ ಉಜ್ಜುವ ಸದ್ದು. ಮಧ್ಯರಾತ್ರಿ ಕಳೆದಿತ್ತು. ಇಲಿ ಇರಬೇಕೆಂದುಕೊಂಡೆ. ಆಮೇಲೆ ನೀರಿನ ಸದ್ದೂ ಸೇರಿತು. ಬಕೆಟ್ಟಿನಲ್ಲಿ ಅದ್ದುವುದು, ಮತ್ತೆ ಉಜ್ಜುವುದು. ಪೇಂಟರ್ ಮನೆಯಲ್ಲಿ ಹುಟ್ಟಿದವಳಿಗೆ ಅದೇನೆಂದು ಯಾರೂ ಹೇಳಬೇಕಾಗಿಲ್ಲ. ಕಿಟಕಿ ಸರಿಸಿ ನೋಡಿದೆ. ಅಂಗಳದ ಟಾರ್ಪಾಲಿನ ಕೆಳಗೆ ಬಲ್ಬು ಉರಿಯುತ್ತಿತ್ತು. ಅಬ್ಬಾ ಪಿಕಪ್ಪಿನ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕುಳಿತು ವಾಟರ್ ಪೇಪರೆಂಬ ಉಪ್ಪುಕಾಗದದಿಂದ ಉಜ್ಜುತ್ತಿದ್ದರು.

ಆ ಬಾಗಿಲಿಗೆ ಸಂಜೆಯಷ್ಟೇ ಅವರೇ ಬಣ್ಣದ ಅಡಿಗೆ ಬೂದು ಪ್ರೈಮರ್ ಹೊಡೆದಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ. ಈಗ ಅದನ್ನೇ ಹಳೆಯ ಬಣ್ಣವೆಂದು ತಿಳಿದು, ತಗಡು ಕಾಣುವವರೆಗೆ ತೆಗೆಯುತ್ತಿದ್ದರು. ಕೂಗಬೇಕೆಂದುಕೊಂಡೆ. ಕಿಟಕಿ ಮುಚ್ಚಿ ಬಂದು ಮಲಗಿದೆ.

ಬೆಳಿಗ್ಗೆ ಅವರೇ ಕೂಗಿದರು. "ಬುಶ್ರಾ, ಬಾಮ್ಮಾ ಇಲ್ಲಿ. ನೋಡು, ಯಾರೋ ರಾತ್ರಿ ಬಂದು ಉಜ್ಜಿ ಹಾಳ್ಮಾಡಿದಾರೆ!"

ಅವರ ಉಗುರಿನ ಸಂದಿಯಲ್ಲಿ ಬೂದು ಹಿಟ್ಟು ಕೂತಿತ್ತು.

"ಮಂಜು ಬಿದ್ದಿತ್ತಲ್ಲ ಅಬ್ಬಾ. ಪ್ರೈಮರ್ ಎದ್ದು ಬಂದಿರ್ಬೇಕು."

"ಮಂಜಿಗೆ ಏಳುತ್ತಾ? ಈ ಲತೀಫ್ ಹೊಡ್ದಿರೋ ಪ್ರೈಮರ್?"

ಗೋಡೆಯಾಚೆಯಿಂದ ಪಕ್ಕದ ಮನೆಯ ಆಂಜಿನಪ್ಪ ಇಣುಕಿದರು. ಪಿಕಪ್ ತಯಾರಾದರೆ ಮೊದಲ ಬಾಡಿಗೆ ತಮ್ಮ ಟೊಮ್ಯಾಟೊದ್ದೇ ಎಂದು ಅವರು ಆಗಲೇ ಹೇಳಿಟ್ಟಿದ್ದರು. "ಏನ್ ಸಾಬ್ರೇ, ಮದುಮಗಳಿಗೆ ಇನ್ನೂ ಅರಿಶಿನಾನೇ ಹಚ್ತಾ ಇದೀರಾ? ಮುಹೂರ್ತ ಮೀರೋಗುತ್ತೆ!"

"ಮದುಮಗಳು ಹಳೇ ಮುದುಕಿ ಕಣಯ್ಯಾ. ಸಿಂಗಾರಕ್ಕೆ ಟೈಮ್ ಬೇಕು," ಎಂದು ಅಬ್ಬಾ ನಕ್ಕರು. ಅಷ್ಟು ಚೆನ್ನಾಗಿ ಮಾತಾಡುವವರನ್ನು ಕಂಡು, ರಾತ್ರಿ ನೋಡಿದ್ದು ನನ್ನದೇ ಕನಸೇನೋ ಎನ್ನಿಸಿತು.

ಪಿಕಪ್ ನನ್ನ ತಮ್ಮ ಶಾನವಾಜನದು. ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟು ಮಾಡುತ್ತಾ, ಬಾಡಿಗೆಗೆ ಬಿಡೋಣವೆಂದು ಹಳೆಯ ಗಾಡಿ ಕೊಂಡಿದ್ದ. ಮುಳಬಾಗಿಲಿನ ಅರ್ಧ ಲಾರಿಗಳಿಗೆ ಬಣ್ಣ ಹೊಡೆದ ಅಪ್ಪ ಇರುವಾಗ ಹೊರಗೆ ಯಾಕೆ ಕೊಡುವುದೆಂದು ನಾನೇ ಮನೆಗೆ ತರಿಸಿದ್ದೆ. ಅಮ್ಮಿ ತೀರಿಕೊಂಡ ಮೇಲೆ ಅಬ್ಬಾ ಸ್ಪ್ರೇ ಗನ್ ಮುಟ್ಟಿರಲಿಲ್ಲ. ಕೆಲಸ ಸಿಕ್ಕರೆ ಚೇತರಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ.

ಮಧ್ಯಾಹ್ನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ಹೊರಬರುವಾಗ ಶಾನವಾಜ್ ಫೋನ್ ಮಾಡಿದ.

"ಆಪಾ, ಗಾಡಿ ಎಲ್ಲಿಗೆ ಬಂತು? ಅಬ್ಬಾ ಕೈಲಿ ಆಗ್ತಾ ಇಲ್ಲ ತಾನೆ? ನಿಜ ಹೇಳು."

"ಆಗ್ತಾ ಇದೆ ಕಣೋ."

"ಭಾನುವಾರ ಬರ್ತೀನಿ. ಆಗಿಲ್ದೆ ಇದ್ರೆ ಕೋಲಾರಕ್ಕೆ ತಗೊಂಡೋಗ್ತೀನಿ. ಆ ಕಂಪ್ರೆಸರ್ರೂ ಗುಜರಿಗೆ ಹಾಕ್ಬಿಡೋಣ. ಈ ವಯಸ್ಸಲ್ಲಿ ಥಿನ್ನರ್ ವಾಸನೆ ಯಾಕೆ ಅವ್ರಿಗೆ?"

ಅವನದೂ ಕಾಳಜಿಯೇ. ಆದರೆ ಗನ್ನಿಗೆ ಗಾಳಿ ತುಂಬುವ ಆ ಕಂಪ್ರೆಸರ್ ಹೋದರೆ ಅಬ್ಬಾ ಪೇಂಟರ್ ಲತೀಫ್ ಆಗಿ ಉಳಿಯುವುದಿಲ್ಲ. ಆಮೇಲೆ ಏನಾಗಿ ಉಳಿಯುತ್ತಾರೆ ಎಂದು ಯೋಚಿಸುವ ಧೈರ್ಯ ನನಗಿರಲಿಲ್ಲ.

ಅವತ್ತು ಅವರು ಬಾಗಿಲಿಗೆ ತಗ್ಗು ತುಂಬುವ ಪುಟ್ಟಿ ಎಳೆದು ಮತ್ತೆ ಪ್ರೈಮರ್ ಹೊಡೆದರು. ಅದು ಒಣಗುತ್ತಲೇ ನಾನು ವಾಟರ್ ಪೇಪರನ್ನೆಲ್ಲ ಒಯ್ದು ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟೆ. ರಾತ್ರಿ ಅವರು ಅಂಗಳದಲ್ಲಿ ಹುಡುಕಾಡುವುದು ಕೇಳಿಸಿತು. ಏನು ಹುಡುಕುತ್ತಿದ್ದೇನೆಂಬುದೇ ಮರೆತಂತೆ ಸ್ವಲ್ಪ ಹೊತ್ತು ನಿಂತು, ಒಳಗೆ ಬಂದು ಮಲಗಿದರು.

ಶನಿವಾರ ಕಾಲೇಜಿಗೆ ರಜೆ ಹಾಕಿದೆ. ಗಾಜಿಗೆ, ಲೈಟಿಗೆ ಬಣ್ಣ ತಾಗದಂತೆ ನಾನೇ ಹಳೆಯ ಪೇಪರ್ ಅಂಟಿಸಿದೆ. ಅಬ್ಬಾ ಬಿಳಿ ಬಣ್ಣ ಕಲಸಿ, ಸೋಸಿ, ಗನ್ನಿಗೆ ತುಂಬಿದರು. ಒಂದು ಹನಿಯೂ ಚೆಲ್ಲಲಿಲ್ಲ. ಕಂಪ್ರೆಸರ್ ಗುಡುಗುಟ್ಟಿ, ಗಾಳಿ ತುಂಬಿಕೊಂಡು ನಿಂತಿತು. ಆದರೆ ಅವರು ಗನ್ ಎತ್ತಲಿಲ್ಲ. ಅಡುಗೆಮನೆಯ ಬಾಗಿಲ ಕಡೆ ನೋಡುತ್ತಾ ನಿಂತರು.

"ಹೊಡೀರಿ ಅಬ್ಬಾ," ಎಂದು ಒಳಗಿನಿಂದ ಚಹಾ ತರುತ್ತಾ ಅಂದೆ.

"ಸುನ್ತೀ ಕ್ಯಾ?" ಅಂದರು.

ಕೇಳಿಸ್ತಾ ಎಂದರ್ಥ. ಅಬ್ಬಾ ಅಮ್ಮಿಯನ್ನು ಸಯೀದಾ ಎಂದು ಹೆಸರು ಹಿಡಿದು ಒಮ್ಮೆಯೂ ಕರೆದವರಲ್ಲ. ಜೀವನವಿಡೀ ಅವಳನ್ನು ಕರೆದದ್ದು ಇಷ್ಟೇ. ಬೇರೆ ಯಾರನ್ನೂ ಹಾಗೆ ಕರೆದವರಲ್ಲ. ಬಣ್ಣ ಹೊಡೆಯುವ ಮೊದಲು ಹೀಗೆಯೇ ಕರೆಯುತ್ತಿದ್ದರು. ಅಮ್ಮಿ ಸೆರಗಿಗೆ ಕೈ ಒರೆಸಿಕೊಂಡು ಬಂದು, ಕಣ್ಣು ಮುಚ್ಚಿ, ತಗಡಿನ ಮೇಲೆ ಅಂಗೈ ಆಡಿಸುತ್ತಿದ್ದಳು. ಉಬ್ಬುತಗ್ಗು ಇಲ್ಲದಿದ್ದರೆ "ಹೌ" ಅನ್ನುತ್ತಿದ್ದಳು. ಅವಳು ಹೌ ಅನ್ನದೆ ಅಬ್ಬಾ ಬಣ್ಣ ಹೊಡೆದದ್ದೇ ಇಲ್ಲ.

ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅಮ್ಮಿ ಇಲ್ಲ ಅಬ್ಬಾ ಎಂದರೆ ಅವರು ಈಗಷ್ಟೇ ಅವಳನ್ನು ಮಣ್ಣು ಮಾಡಿ ಬಂದಂತಾಗುತ್ತದೆ. ಲೋಟ ಕೆಳಗಿಟ್ಟೆ. ದುಪಟ್ಟಾಕ್ಕೆ ಕೈ ಒರೆಸಿಕೊಂಡೆ. ಕಣ್ಣು ಮುಚ್ಚಿ ಗಾಡಿಯ ಬಾಗಿಲ ಮೇಲೆ ಅಂಗೈ ಇಟ್ಟೆ.

ಅವರು ಹತ್ತಿರ ಬಂದು ದನಿ ತಗ್ಗಿಸಿದರು.

"ನಂಗೆ ಎಲ್ಲಾ ಮರ್ತೋಗ್ತಾ ಇದೆ ಕಣೇ. ಅವತ್ತು ಬಾಗಿಲು ಉಜ್ಜಿದ್ದು ನಾನೇ ಅನ್ಸುತ್ತೆ. ಹುಡುಗಿ ಮಂಜು ಬಿದ್ದಿತ್ತು ಅಂತ ಸುಳ್ಳು ಹೇಳಿದ್ಲು, ಪಾಪ. ಬುಶ್ರಾಗೆ ಮಾತ್ರ ಹೇಳ್ಬೇಡ. ಮೊದ್ಲೇ ಹಾಕಿದ ಚಿಲಕಾನೇ ಮತ್ತೆ ಮತ್ತೆ ನೋಡೋ ಹುಡುಗಿ ಅದು. ನಿದ್ದೆ ಮಾಡಲ್ಲ."

ಅಂಗೈ ಕೆಳಗೆ ಹಿಡಿಕೆಯ ಬಳಿ ಒಂದು ತಗ್ಗು ಸಿಕ್ಕಿತು. ಅವರು ಆ ರಾತ್ರಿ ಅತಿಯಾಗಿ ಉಜ್ಜಿದ ಜಾಗ. ಅಮ್ಮಿಯಾಗಿದ್ದರೆ ಇನ್ನೊಂದು ಕೈ ಪುಟ್ಟಿ ಎಳೆಯಲು ಹೇಳುತ್ತಿದ್ದಳು.

"ಹೌ," ಅಂದೆ.

ಅಬ್ಬಾ ಗನ್ ಎತ್ತಿದರು.

ಭಾನುವಾರ ಶಾನವಾಜ್ ಬಂದವನು ಗಾಡಿಯ ಸುತ್ತ ಮತ್ತೆ ಮತ್ತೆ ಸುತ್ತಿದ. "ಅಬ್ಬಾ, ಶೋರೂಮಿಂದ ತಂದಂಗಿದೆ!" ಎಂದ. ಆಂಜಿನಪ್ಪ ಗೋಡೆಯಾಚೆಯಿಂದಲೇ ಶಿಳ್ಳೆ ಹಾಕಿದರು. ಅಬ್ಬಾ ಗನ್ನನ್ನು ಥಿನ್ನರಿನಲ್ಲಿ ತೊಳೆಯುತ್ತಾ ಕುಳಿತಿದ್ದರು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದರು.

ಹೊರಡುವಾಗ ತಮ್ಮ ಹಿಡಿಕೆಯ ಬಳಿ ಬೆರಳಿಟ್ಟ. "ಆಪಾ, ಇಲ್ಲೊಂಚೂರು ತಗ್ಗಿದೆಯಲ್ಲಾ?"

"ಹಳೇ ಗಾಡಿ ಅಲ್ವೇನೋ."

"ಅಬ್ಬಾ ಹುಷಾರಾಗಿದಾರೆ ತಾನೆ? ಏನಾದ್ರೂ ಇದ್ರೆ ಹೇಳು, ಮುಚ್ಚಿಡ್ಬೇಡ."

ಅವನಿಗೆ ಹೇಳಬಹುದಿತ್ತು. ಬಹುಶಃ ಹೇಳಬೇಕಿತ್ತು. ಆದರೆ ಅಬ್ಬಾ ಆ ಮಾತು ಹೇಳಿದ್ದು ನನಗಲ್ಲ, ಅಮ್ಮಿಗೆ. ಅದೂ ನನಗೆ ಗೊತ್ತಾಗಬಾರದೆಂದು.

"ಚೆನ್ನಾಗಿದಾರೆ, ಹೋಗ್ಬಾ," ಅಂದೆ.

ಗಾಡಿ ರಸ್ತೆಗೆ ತಿರುಗಿತು. ಗೇಟಿನ ಚಿಲಕ ಹಾಕಿದೆ. ಅಬ್ಬಾ ನೋಡುತ್ತಿದ್ದರು. ಅದನ್ನು ಮತ್ತೆ ಮುಟ್ಟಿ ನೋಡದೆ, ಏನೂ ಚಿಂತೆಯಿಲ್ಲದವಳಂತೆ ಒಳಗೆ ಬಂದೆ. ಅವರು ಅಮ್ಮಿಗೆ ಹೇಳಿದ್ದನ್ನು ನಾನು ಯಾರಿಗೂ ಹೇಳುವುದಿಲ್ಲ.