ಬಾಗಿಲಲ್ಲಿ ಡೊಳ್ಳು ಬಡಿಯುವವರು ಯಾರು?

ಭರಮಮ್ಮನ ಮನೆಯಲ್ಲಿ ಮತ್ತೆ ಹಾಲು ಉಕ್ಕಿ ಒಲೆ ಆರಿತು. ಸೊಸೆ ಚಂದನಾ ಒಲೆಯ ಮುಂದೆಯೇ ಕೂತಿದ್ದಳು. ಕಣ್ಣು ಮಾತ್ರ ಅಲ್ಲಿರಲಿಲ್ಲ.

ಸುಗ್ಗಿಯ ಹೊತ್ತಿಗೆ ಅವಳ ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. ಆಮೇಲೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ, ಅನ್ನ ಸೇರುತ್ತಿರಲಿಲ್ಲ. ಗಂಡ ಹೊನ್ನೂರಸ್ವಾಮಿ ಕುರಿ ಹೊಡೆದುಕೊಂಡು ಕೂಡ್ಲಿಗಿ ಕಡೆ ಹೋಗಿದ್ದ. ಫೋನಿನಲ್ಲಿ "ಉಂಡ್ಯಾ?" ಎಂದು ಕೇಳಿ, ಮುಂದೇನು ಕೇಳಬೇಕೋ ತಿಳಿಯದೆ ಫೋನ್ ಇಡುತ್ತಿದ್ದ.

ಆಶಾ ಕಾರ್ಯಕರ್ತೆ ರೇಖಾ ಬಂದು ನೋಡಿದಳು.

"ಅಮ್ಮಾ, ಇದು ಮನಸ್ಸಿನ ಬ್ಯಾನಿ. ಹಗರಿಬೊಮ್ಮನಹಳ್ಳಿ ದವಾಖಾನಿಗೆ ಕರಕೊಂಡು ಹೋಗೂಣು ಬರ್ರಿ."

"ಬ್ಯಾಡವ್ವಾ. ಬಸ್‌ಸ್ಟ್ಯಾಂಡಿನಾಗ ನಾಕು ಮಂದಿ ನೋಡಿದ್ರ ಸಾಕು, ಭರಮಮ್ಮನ ಸೊಸಿಗೆ ತಲಿ ಕೆಟ್ಟೈತಿ ಅಂತಾರ."

"ಜ್ವರ ಬಂದ್ರ ಹೋಗಂಗಿಲ್ಲೇನು?"

"ಜ್ವರ ಬಂದೋರಿಗೆ ಯಾರೂ ಹುಚ್ಚಿ ಅನ್ನಂಗಿಲ್ಲ."

ತಂಬ್ರಹಳ್ಳಿಯಿಂದಾಚೆ, ಹಿನ್ನೀರಿನ ದಂಡೆಗಿರುವ ಭರಮಮ್ಮನ ಊರಿನ ಬೀರಪ್ಪನ ಗುಡಿಯಲ್ಲಿ ಒಂದು ಪದ್ಧತಿ ಉಂಟು. ಮನಸ್ಸು ಭಾರವಾದವರು ಗರ್ಭಗುಡಿಯ ಮುಂದೆ ಒಬ್ಬರೇ ನಿಂತು ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ. ಪೂಜಾರಿ ಜಂಬಯ್ಯ ಹೊರಗೆ ಬಂದು ಡೊಳ್ಳು ಬಡಿಯುತ್ತಾನೆ. ಒಳಗಿನ ಮಾತು ಊರಿಗೆ ಕೇಳಬಾರದು, ತನಗೂ ಕೇಳಬಾರದು ಎಂದು. ಹೇಳಿಕೊಂಡವರು ಹೊರಗೆ ಬರುವ ತನಕ ಅವನ ಕೈ ನಿಲ್ಲುವುದಿಲ್ಲ.

ಚಂದನಾಳನ್ನೂ ಅಲ್ಲಿಗೆ ಕರೆದೊಯ್ದಿದ್ದರು. ಡೊಳ್ಳು ಬಹಳ ಹೊತ್ತು ಮೊಳಗಿತು. ಅವಳು ಹೊರಗೆ ಬಂದು, "ಬಾಯಿಗೆ ಮಾತು ಬರಲಿಲ್ಲ ಅತ್ತಿ" ಎಂದಳು. ದೇವರು ಮೌನವನ್ನೂ ಕೇಳಿಸಿಕೊಳ್ಳುತ್ತಾನೆ. ಆದರೆ ಅವಳಿಗೆ ತಿರುಗಿ ಮಾತಾಡುವ ಒಂದು ದನಿ ಬೇಕಿತ್ತು.

ಅಷ್ಟರಲ್ಲಿ ಕಂಪನಿಯೊಂದರ ಕಡೆಯಿಂದ ಹಂಪೇಶ್ ಎಂಬಾತ ಸ್ವಸಹಾಯ ಸಂಘಕ್ಕೆ ಬಂದ. ಸಂಘದ ಅಧ್ಯಕ್ಷೆ ಲಕ್ಷ್ಮಿದೇವಿಯ ಕಟ್ಟೆಯ ಮೇಲೆ ಕೂತು, ಎಲ್ಲರ ಫೋನಿಗೂ ‘ಒಡಲಗೆಳತಿ’ ಎಂಬ ಚಿತ್ರಕತೆಯ ಆಟ ಹಾಕಿಕೊಟ್ಟ.

"ಇದು ಆಟನೂ ಹೌದು, ಔಷಧನೂ ಹೌದು ಅಮ್ಮಾರ. ಕತಿ ನಡೀತಿರ್ತೈತಿ, ಚಿತ್ರದಾಗಿನ ಅಕ್ಕ ಪ್ರಶ್ನಿ ಕೇಳ್ತಾಳ. ಕೆಳಗ ಮೂರು ಉತ್ತರ ಬರ್ತಾವ, ಒಂದು ಒತ್ರಿ. ಬಾಯಿಲೆ ಹೇಳಬೇಕನಿಸಿದ್ರ ಹೇಳ್ರಿ. ಮಿಷಿನ್ ಅದು, ಯಾರ ಮುಂದೂ ಆಡಂಗಿಲ್ಲ."

ಉದ್ದನೆಯ ಬರಹವೊಂದು ಬಂತು. ಯಾರೂ ಓದಲಿಲ್ಲ. ಎಲ್ಲರೂ ‘ಒಪ್ಪಿದೆ’ ಎಂಬಲ್ಲಿ ಬೆರಳಿಟ್ಟರು.

ಅತ್ತೆ-ಸೊಸೆ ರೇಖಾಳ ಜೊತೆ ಮನೆಗೆ ಬಂದು ಆಟ ತೆರೆದರೆ, ಇಳಕಲ್ ಸೀರೆಯ ಚಿತ್ರದ ಹೆಂಗಸು ನಕ್ಕಳು. ಇವರು ಮಾತು ಶುರು ಮಾಡಿದ ಕೂಡಲೇ ಹಿಂದಿನಿಂದ ಮೆಲ್ಲಗೆ ಸಂಗೀತ ಎದ್ದಿತು. ಭರಮಮ್ಮನ ಮುಖ ಅರಳಿತು.

"ಕೇಳಿದ್ಯಾ ರೇಖಾ? ನಮ್ಮ ಬೀರಪ್ಪನ ಗುಡಿಯಂಗ ಐತಿ. ಮಾತು ಹೊರಗ ಹೋಗಬಾರ್ದಂತ ಬಾಜಾ ಬಾರಿಸ್ತೈತಿ."

"ಬಾರಿಸೋರು ಯಾರು ಅಮ್ಮಾ? ಅವರ ಕಿವಿ ಎಲ್ಲೈತಿ?"

"ನಿನಗ ಎಲ್ಲಾದ್ರಾಗೂ ಕೊಂಕು."

ಚಂದನಾ ಕುರಿಹಟ್ಟಿಯ ಮೂಲೆಯಲ್ಲಿ ಕೂತು ಆ ಚಿತ್ರಕ್ಕೆ ಎಲ್ಲ ಹೇಳಿದಳು. ಹೊಟ್ಟೆ ಹಿಂಡುತ್ತಿದ್ದರೂ ಹುಲ್ಲಿನ ಹೊರೆ ಹೊತ್ತದ್ದು. ಮಗು ಹೋದದ್ದು ತನ್ನಿಂದಲೇ ಎಂದು ಅನಿಸುವುದು. ಬಾವಿಯ ಕಡೆ ಹೋಗಲು ತನಗೇ ತನ್ನ ಹೆದರಿಕೆಯಾಗುವುದು. ಸುಳ್ಳು ಹೇಳಬಾರದು, ಅವಳಿಗೆ ಹಗುರವೂ ಆಯಿತು. ಒಂದು ದಿನ ಹಾಲು ಉಕ್ಕುವ ಮುಂಚೆ ಇಳಿಸಿದಳು.

ಮಳೆಗಾಲ ಶುರುವಾದಾಗ ಹಂಪೇಶ್ ಮತ್ತೆ ಬಂದ. ಸಂಘದ ಸಭೆಯಲ್ಲಿ ದೊಡ್ಡ ಪರದೆ ಕಟ್ಟಿಸಿ, "ಹೊಸ ಕತಿ ಬಂದೈತಿ ನೋಡ್ರಿ. ಕೊಟ್ಟೂರು, ಹಡಗಲಿ, ಹರಪನಹಳ್ಳಿ ಸಂಘಗಳಿಗೂ ಇದನ್ನ ತೋರಿಸ್ತೀವಿ" ಎಂದ.

ಪರದೆಯ ಮೇಲೆ ಕುರಿಹಟ್ಟಿ ಮೂಡಿತು. ಕಂಬಳಿ ಹೊದ್ದ ಒಬ್ಬ ಹೆಂಗಸು ಹೇಳತೊಡಗಿದಳು. ‘ಹೊಟ್ಟೆ ಹಿಂಡುತ್ತಿತ್ತು. ಆದರೂ ಹುಲ್ಲಿನ ಹೊರೆ ಹೊತ್ತೆ. ನನ್ನ ಮಗು ನನ್ನಿಂದಲೇ ಹೋಯಿತು. ಬಾವಿ ನೋಡಿದರೆ…’

ಕಟ್ಟೆಯ ಮೇಲಿದ್ದವರೆಲ್ಲ ಚಂದನಾಳ ಕಡೆ ತಿರುಗಿದರು, ಕೂಡಲೇ ಮುಖ ತಗ್ಗಿಸಿದರು. ಭರಮಮ್ಮನಿಗೆ ಸೊಸೆಯ ಒಡಲ ಮಾತು ಮೊದಲ ಸಲ ತಿಳಿದದ್ದು ಹೀಗೆ, ಊರಿನ ಜೊತೆಗೆ.

ಕತೆ ನಿಂತಿತು. ‘ಈ ತಾಯಿಗೆ ನೀವೇನು ಹೇಳುತ್ತೀರಿ?’ ಎಂಬ ಪ್ರಶ್ನೆ ಬಂತು. ಕೆಳಗೆ ಮೂರು ಉತ್ತರ: ಧೈರ್ಯ ತಂದುಕೊಳ್ಳಿ. ಮರೆತುಬಿಡಿ. ಎಲ್ಲವೂ ವಿಧಿ.

"ಯಾರು ಒತ್ತತೀರಿ?" ಎಂದ ಹಂಪೇಶ್.

ಚಂದನಾ ಎದ್ದು ಪರದೆಯ ಮುಂದೆ ಬಂದು ನಿಂತಳು. ಮೂರು ಉತ್ತರಗಳೂ ಅವಳ ಸೀರೆಯ ಮೇಲೆ ಬಿದ್ದವು.

"ನನ್ನ ಮಾತು ಈ ಮೂರರಾಗ ಇಲ್ಲ. ಈ ಕತಿ ನಂದು. ತಗೀರಿ."

ಹಂಪೇಶ್ ತಡವರಿಸಿದ. "ಅಮ್ಮಾರ, ಹೆಸರು ತಗದೀವಿ. ನೀವು ಒಪ್ಪಿಗಿ ಒತ್ತೀರಿ. ನಾಕು ಮಂದಿಗೆ ಒಳ್ಳೇದಾಗ್ಲಿ ಅಂತ…"

"ಹೆಸರು ತಗದು ಹುಲ್ಲಿನ ಹೊರಿ ಹಂಗ ಇಟ್ಟೀರಿ. ಬಾವಿ ಇಟ್ಟೀರಿ. ಇದು ಯಾರ ಹೊರಿ ಅಂತ ಈ ಕಟ್ಟಿ ಮ್ಯಾಲಿನೋರಿಗೆ ತಿಳಿಯಂಗಿಲ್ಲೇನು? ಒಳ್ಳೇದಾಗೋದಿದ್ರ ನನ್ನ ಕೇಳಿ ಮಾಡಬೇಕಿತ್ತು. ನಾನು ಹೇಳಿದ್ದು ವಾಸಿ ಆಗಾಕ, ನಿಮ್ಮ ಆಟಕ್ಕ ಕತಿ ಬರಿಯಾಕಲ್ಲ."

ಭರಮಮ್ಮ ಕೋಲೂರಿಕೊಂಡು ಎದ್ದಳು. "ತಮ್ಮಾ, ನಮ್ಮ ಜಂಬಯ್ಯ ಇಷ್ಟು ವರ್ಷ ಡೊಳ್ಳು ಬಡದಾನ, ಒಳಗಿನ ಒಂದು ಮಾತು ಅವನಿಗೆ ಗೊತ್ತಿಲ್ಲ. ನೀವು ಬಾಜಾ ಬಾರಿಸಿಕೋತ ಬಾಗಲಿಗೆ ಕಿವಿ ಹಚ್ಚಿದ್ರಿ. ಆ ಪರದಿ ಬಿಚ್ಚು."

"ಒಪ್ಪಿಗಿ ಕೊಟ್ಟೋರು ಅದನ್ನ ಹಿಂದಕ್ಕ ತಗೋಬಹುದು," ಎಂದಳು ರೇಖಾ. "ಕಾನೂನಿನಾಗ ಐತಿ. ಚಂದನಾ ಈಗ ತಗೊಂಡಾಳ."

"ನಾವೂ ತಗೊಂಡೀವಿ," ಎಂದಳು ಲಕ್ಷ್ಮಿದೇವಿ. ಸಂಘದವರೆಲ್ಲ ಫೋನಿನಿಂದ ಆಟ ತೆಗೆದರು. ತೆಗೆದರೆ ಸಾಲದು ಎಂದು ರೇಖಾ ಹೇಳಿದ ಮೇಲೆ, ತಾವು ಆಡಿದ ಮಾತುಗಳನ್ನೆಲ್ಲ ಅಳಿಸಬೇಕೆಂದು ಕಂಪನಿಗೆ ಬರೆದರು. ಉತ್ತರ ಬರಲಿಲ್ಲ. ಮತ್ತೆ ಬರೆದರು. ಕೊನೆಗೆ ಆ ಕತೆ ಆಟದಿಂದ ಹೋಯಿತು. ಮಾತು ಇನ್ನೆಲ್ಲಿ ಉಳಿದಿದೆಯೋ ಗೊತ್ತಿಲ್ಲ. ಸಂಘ ಕೇಳುವುದನ್ನು ಬಿಟ್ಟಿಲ್ಲ.

ಆದರೆ ಸಭೆಯ ದಿನ ಸಂಜೆಯಿಂದಲೇ ಚಂದನಾ ಮತ್ತೆ ಮೂಕಳಾದಳು. ಭರಮಮ್ಮ ತಾನಾಗಿಯೇ ರೇಖಾಳ ಮನೆಗೆ ಹೋದಳು. "ತಪ್ಪಾತು ನಂದು. ಮಂದಿಗೆ ಗೊತ್ತಾಗಬಾರ್ದಂತ ಹೆದರಿದೆ. ಗೊತ್ತಾಗಬಾರ್ದೋರಿಗೆಲ್ಲ ಗೊತ್ತಾತು, ವಾಸಿ ಮಾಡೋರಿಗೆ ಗೊತ್ತಾಗಲಿಲ್ಲ."

ರೇಖಾ ಬಂದು ಮನಸ್ಸಿನ ಬೇನೆಯ ಸಹಾಯವಾಣಿ 14416ಕ್ಕೆ ಕರೆ ಮಾಡಿ ಫೋನನ್ನು ಚಂದನಾಳ ಕೈಗೆ ಕೊಟ್ಟಳು.

"ಇದೂ ಫೋನೇ ಅಲ್ಲೇನ?" ಭರಮಮ್ಮ ಅನುಮಾನಿಸಿದಳು.

"ಫೋನ್ ತಪ್ಪಲ್ಲ ಅಮ್ಮಾ. ಆ ಕಡಿ ಯಾರದಾರ, ಕೇಳಿದ್ದನ್ನ ಏನು ಮಾಡ್ತಾರ, ಅದನ್ನ ಮೊದಲು ಕೇಳಬೇಕು. ಅಲ್ಲಿ ಕುಂತಿರೋದು ಇದನ್ನ ಕಲತ ಮನುಷ್ಯರು. ಸರಕಾರದ್ದು, ರೊಕ್ಕ ಇಲ್ಲ."

ಆ ಕಡೆಯಿಂದ ಕನ್ನಡದಲ್ಲೇ ಒಬ್ಬ ಹೆಣ್ಣುಮಗಳು ಮಾತಾಡಿದಳು. ಮರುದಿನವೇ ದವಾಖಾನೆಗೆ ಹೋಗಲು ಹೇಳಿದಳು.

ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಗುರುತಿನವರು ಸಿಕ್ಕೇ ಸಿಕ್ಕರು. "ಎಲ್ಲಿಗೆ ಹೊಂಟ್ರಿ?" ಎಂದರು. "ಸೊಸಿ ಮನಸ್ಸಿಗೆ ಆರಾಮಿಲ್ಲ, ತೋರಿಸಾಕ ಹೊಂಟೀನಿ," ಎಂದಳು ಭರಮಮ್ಮ, ದೊಡ್ಡ ದನಿಯಲ್ಲಿ.

ದವಾಖಾನೆಯಲ್ಲಿ ಆಪ್ತಸಮಾಲೋಚಕಿ ಮೊದಲೇ ಹೇಳಿದರು. "ನೀವು ಹೇಳಿದ್ದು ಈ ಕೋಣಿ ದಾಟಂಗಿಲ್ಲ. ನಿಮ್ಮ ಜೀವಕ್ಕ ಅಪಾಯ ಅನಿಸಿದ್ರ ಮಾತ್ರ ಇನ್ನೊಬ್ಬರಿಗೆ ಹೇಳ್ತೀನಿ. ಅದನ್ನೂ ನಿಮಗ ತಿಳಿಸೇ ಹೇಳ್ತೀನಿ. ಒಪ್ಪಿಗಿ ಐತೇನ್ರಿ?"

"ಐತಿ" ಎಂದಳು ಚಂದನಾ. ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನ ಮೇಲೆ ಭರಮಮ್ಮ ಬುತ್ತಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಬಡಿಯತೊಡಗಿದಳು. ನರ್ಸ್ ಓಡಿ ಬಂದಳು.

"ಅಜ್ಜಿ, ಏನಿದು? ಇದು ದವಾಖಾನಿ."

"ಒಳಗ ನನ್ನ ಸೊಸಿ ಮಾತಾಡಾಕತ್ತಾಳವ್ವಾ," ಎಂದಳು ಭರಮಮ್ಮ. ದನಿ ತಗ್ಗಿಸಿದಳು, ಕೈ ನಿಲ್ಲಿಸಲಿಲ್ಲ.

ಓದುವ ಅಕ್ಕತಂಗಿಯರೇ, ಕೇಳುವ ಅಣ್ಣತಮ್ಮಂದಿರೇ, ಮನಸ್ಸಿಗೆ ಬೇನೆ ಬರುವುದು ನಾಚಿಕೆಯ ವಿಷಯವಲ್ಲ. ನಿದ್ದೆ ಹೋಗಿದ್ದರೆ, ಬಾವಿಯ ಕಡೆ ಕಾಲು ಎಳೆಯುತ್ತಿದ್ದರೆ, ಇವತ್ತೇ 14416ಕ್ಕೆ ಕರೆ ಮಾಡಿ, ಇಲ್ಲವೇ ನಿಮ್ಮ ಆಶಾ ಕಾರ್ಯಕರ್ತೆಗೆ ಹೇಳಿ. ನಿಮ್ಮ ದುಃಖ ಕೇಳುತ್ತೇನೆಂದು ಫೋನಿನಲ್ಲಿ ಯಾವ ಆಟ, ಯಾವ ಚಿತ್ರ ನಗುತ್ತ ಬಂದರೂ, ಬಾಯಿ ಬಿಡುವ ಮುಂಚೆ ಕೇಳಿ: ನನ್ನ ಮಾತು ಯಾರ ಕೈಗೆ ಹೋಗುತ್ತದೆ? ಉತ್ತರ ಬಾರದಿದ್ದರೆ ಬೆರಳು ಒತ್ತಬೇಡಿ. ಒತ್ತಿಬಿಟ್ಟಿದ್ದರೆ ಹಿಂದಕ್ಕೆ ತೆಗೆದುಕೊಳ್ಳಿ. ದೇವರ ಮುಂದೆ ಹೇಳಿದ ಮಾತನ್ನೇ ಕಾಯುವ ಊರು ನಮ್ಮದು. ಯಂತ್ರದ ಮುಂದೆ ಹೇಳಿದ ಮಾತನ್ನು ಬಿಟ್ಟುಕೊಡುತ್ತೇವೆಯೇ?