ಜಲಜಕ್ಕನ ತೋಳು ಅಳೆದ ಟೇಪು

ನಾನು ದರ್ಜಿಯ ಅಳತೆ ಟೇಪು. ಉದ್ದ ಅರವತ್ತು ಇಂಚು, ಅಗಲ ಹೆಬ್ಬೆರಳಿಗಿಂತ ಕಡಿಮೆ. ಒಂದು ಮುಖದಲ್ಲಿ ಇಂಚು, ಇನ್ನೊಂದರಲ್ಲಿ ಸೆಂಟಿಮೀಟರು, ಎರಡೂ ತುದಿಗೆ ತಗಡಿನ ಪುಟ್ಟ ಟೋಪಿ. ನನ್ನನ್ನು ಮಾಡಿದ ಕಾರ್ಖಾನೆ ಯಾವ ಊರಿನದೋ ನನಗೆ ತಿಳಿಯದು. ನೂಲಿನ ಪಟ್ಟಿಯ ಮೇಲೆ ಹಳದಿ ಪ್ಲಾಸ್ಟಿಕ್ಕನ್ನು ಬಿಸಿಬಿಸಿಯಾಗಿ ಹೊಯ್ದದ್ದು, ಆಮೇಲೆ ಕಪ್ಪು ಅಂಕಿಗಳು ಒಂದೊಂದಾಗಿ ಮೈಮೇಲೆ ಬಿದ್ದದ್ದು, ಇಷ್ಟೇ ನೆನಪು. ಹುಟ್ಟಿದ ದಿನವೇ ಅಂಕಿ ಬರೆಸಿಕೊಂಡವರಿಗೆ ಒಂದು ಜಂಬ ಇರುತ್ತದೆ. ನನಗೂ ಇತ್ತು.

ಡಜನ್ ಟೇಪುಗಳ ಡಬ್ಬಿಯಲ್ಲಿ ನಾನು ಕಡೂರಿಗೆ ಬಂದೆ. ನನ್ನ ಮೊದಲ ಒಡೆಯರು ದಾದಾಪೀರ್ ಮಾಸ್ಟರು. ಪ್ಯಾಂಟು, ಶರ್ಟು ಹೊಲಿಯುವ ಅಂಗಡಿ ಅವರದು. ಅವರ ಕೈ ಬಹಳ ಹಗುರ. ಹೊಟ್ಟೆ ಬಂದ ಗಿರಾಕಿಗಳು ಅಳತೆ ಕೊಡುವಾಗ ಉಸಿರು ಒಳಗೆಳೆದುಕೊಂಡು ಸೆಟೆದು ನಿಲ್ಲುತ್ತಿದ್ದರು. ಮಾಸ್ಟರು ಅದನ್ನು ಕಾಣದವರಂತೆ ನನ್ನನ್ನು ಸೊಂಟಕ್ಕೆ ಸುತ್ತಿ, "ಊಟ ಆಯ್ತಾ ಸಾರ್? ಏನು ಸಾರು ಇವತ್ತು?" ಎಂದು ಕೇಳುತ್ತಿದ್ದರು. ಉತ್ತರ ಹೇಳಲು ಬಾಯಿ ಬಿಟ್ಟ ಕೂಡಲೇ ಹೊಟ್ಟೆ ತನ್ನ ಜಾಗಕ್ಕೆ ಬರುತ್ತಿತ್ತು. ಆಗ ನನ್ನನ್ನು ಓದಿಕೊಳ್ಳುತ್ತಿದ್ದರು.

ಆ ಅಂಗಡಿಗೆ ಕೆಲಸ ಕಲಿಯಲು ಬಂದವಳು ಜಲಜಾಕ್ಷಿ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡಿದ್ದಳು. ಮಾಸ್ಟರು ಅವಳನ್ನು ಮೊದಲು ಕಾಜ ಹೊಲಿಯಲು ಕೂರಿಸಿದರು, ಆಮೇಲೆ ಮೆಷೀನಿಗೆ ಕೂರಿಸಿದರು, ಮೂರನೆಯ ವರ್ಷ ಕೈಗೆ ಕತ್ತರಿ ಕೊಟ್ಟರು.

"ಹೊಲಿಯೋರು ಊರ್ ತುಂಬ ಇದಾರೆ ಬೇಟಿ. ಕತ್ತರಿ ಹಾಕೋರು ಕಡಿಮೆ. ನಿನ್ನ ಬಲಗೈಲಿ ಅದಿದೆ" ಎಂದರು.

ಅವಳು ತನ್ನ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಅಂಗಡಿ ಇಟ್ಟ ದಿನ ಮಾಸ್ಟರು ನನ್ನನ್ನು ತಮ್ಮ ಕೊರಳಿನಿಂದ ತೆಗೆದು ಅವಳಿಗೆ ಕೊಟ್ಟರು. ಅಂದಿನಿಂದ ಊರಿನ ಹೆಂಗಸರಿಗೆಲ್ಲ ಅವಳು ಜಲಜಕ್ಕ. ನಾನು ಜಲಜಕ್ಕನ ಟೇಪು.

ಬ್ಲೌಸು ಪ್ಯಾಂಟಿನಂತಲ್ಲ, ಮೈಗೆ ಅಂಟಿ ನಿಲ್ಲಬೇಕು. ಅದಕ್ಕಾಗಿ ಜಲಜಕ್ಕ ನನ್ನನ್ನು ಬಿಗಿಯಾಗಿ ಎಳೆದು ಹಿಡಿಯುತ್ತಿದ್ದಳು. ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ. ಗಿರಾಕಿಗಳ ಜತೆ ಮಾತೂ ಹಾಗೆಯೇ ಬಿಗಿ.

"ಜಲಜಕ್ಕ, ಹೋದ ವರ್ಷದ ಅಳತೆನೇ ಹಾಕ್ಬಿಡ್ರಿ."

"ಹೋದ ವರ್ಷದ ನೀವು ಎಲ್ಲಿದೀರ? ಕರ್ಕೊಂಡ್ ಬನ್ನಿ, ಹೊಲಿತೀನಿ."

ಹುಕ್ಸು ಹಾಕಿ ಹೆಮ್ಮಿಂಗ್ ಮಾಡಲು ಕೆಂಚಮ್ಮ ಎಂಬಾಕೆ ಬರುತ್ತಿದ್ದಳು. ಜಲಜಕ್ಕನಿಗಿಂತ ಹತ್ತು ವರ್ಷ ದೊಡ್ಡವಳು, ಮೂಲೆಯಲ್ಲಿ ಕುಳಿತು ಎಲ್ಲದಕ್ಕೂ ಒಂದು ಮಾತು ಸೇರಿಸುವವಳು. ಬ್ಲೌಸು ಬಿಗಿಯಾಯಿತೆಂದು ಯಾರಾದರೂ ಬಂದರೆ, "ನಮ್ ಜಲಜನ ಅಳತೆ ತಪ್ಪಲ್ಲ ಕಣ್ರಮ್ಮ, ನಿಮ್ಮ ಮನೆ ತುಪ್ಪದ ಡಬ್ಬ ನೋಡ್ಕೊಳ್ಳಿ" ಎನ್ನುತ್ತಿದ್ದಳು. ಹೀಗೆ ಇಪ್ಪತ್ತೆರಡು ವರ್ಷ ಕಳೆಯಿತು.

ಆಮೇಲೆ ಜಲಜಕ್ಕನ ಬಲ ಎದೆಯಲ್ಲಿ ಗಂಟು ಬಂತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಎದೆಯನ್ನೂ, ಕಂಕುಳಿನ ಒಳಗಿದ್ದ ಸಣ್ಣ ಗಂಟುಗಳನ್ನೂ ತೆಗೆದರು. ಬಾಟಲಿಯಲ್ಲಿ ಔಷಧಿ ಹಾಕಿದರು, ಗಂಟಿದ್ದ ಜಾಗಕ್ಕೆ ಕರೆಂಟು ಕೊಟ್ಟರು. ಏಳು ತಿಂಗಳು ಅಂಗಡಿ ಮುಚ್ಚಿತ್ತು. ನಾನು ಮೆಷೀನಿನ ಮೇಲೆ ಧೂಳು ಹಿಡಿದು ಬಿದ್ದಿದ್ದೆ.

ಅವಳು ಮರಳಿ ಬಂದು ನನ್ನನ್ನು ಕೊರಳಿಗೆ ಹಾಕಿಕೊಂಡ ದಿನ ಒಂದು ವ್ಯತ್ಯಾಸವಾಯಿತು. ಮೊದಲು ನನ್ನ ಎರಡು ತುದಿಗಳೂ ಒಂದೇ ಎತ್ತರಕ್ಕೆ ನಿಲ್ಲುತ್ತಿದ್ದವು. ಈಗ ಬಲಗಡೆಯದು ತಡೆಯಿಲ್ಲದೆ ನೇರ ಇಳಿದು ಒಂದಿಂಚು ಕೆಳಗೆ ನಿಂತಿತು. ಜಲಜಕ್ಕ ಕನ್ನಡಿಯಲ್ಲಿ ಅದನ್ನು ನೋಡಿದಳು. ನನ್ನನ್ನು ಎಡಕ್ಕೆ ಸ್ವಲ್ಪ ಎಳೆದು ಸಮ ಮಾಡಿದಳು. "ಜೀವ ಇದೆ, ಕೈ ಇದೆ. ಇನ್ನೇನು ಬೇಕು" ಎಂದು ಕತ್ತರಿ ಎತ್ತಿಕೊಂಡಳು.

ಕೈ ಇದ್ದರೆ ಅಂಗಡಿ, ಅಂಗಡಿ ಇದ್ದರೆ ಜಲಜಕ್ಕ. ಅವಳ ಬದುಕಿನ ಲೆಕ್ಕ ಅಷ್ಟೇ ಇದ್ದದ್ದು.

ಆರೇಳು ತಿಂಗಳ ಮೇಲೆ ಒಂದು ಬೆಳಿಗ್ಗೆ ಕತ್ತರಿಯ ಹಿಡಿಯಲ್ಲಿ ಅವಳ ಹೆಬ್ಬೆರಳು ಸಿಕ್ಕಿಕೊಂಡಿತು. ಕೆಂಚಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸಿದಳು. ಆಗ ಇಬ್ಬರೂ ಗಮನವಿಟ್ಟು ನೋಡಿದರು. ಬಲಗೈ ಎಡಗೈಗಿಂತ ದಪ್ಪಗಿತ್ತು. ಜಲಜಕ್ಕ ಆಸ್ಪತ್ರೆಯಲ್ಲಿ ತನಗೆ ಕೈ ವ್ಯಾಯಾಮ ಹೇಳಿಕೊಟ್ಟಿದ್ದ ನಿಶ್ಚಿತಾ ಎಂಬ ಹುಡುಗಿಗೆ ಫೋನ್ ಮಾಡಿದಳು.

"ಆಂಟಿ, ತಡ ಮಾಡ್ಬೇಡಿ. ಕಂಕುಳಲ್ಲಿ ತೆಗೆದ್ರಲ್ಲ ಆ ಗಂಟು, ತೋಳಿನ ನೀರು ಇಳಿಯೋ ದಾರಿ ಅಲ್ಲೇ ಇದ್ದಿದ್ದು. ಅದಕ್ಕೇ ಊದ್ತಿದೆ. ಒಂದ್ಸಲ ಬನ್ನಿ, ಅಳತೆ ತಗೊಂಡು ಬಿಗಿ ತೋಳುಚೀಲ ಮಾಡಿಸೋಣ. ಅಳತೆ ಒಂಚೂರೂ ಆಚೀಚೆ ಆಗಬಾರ್ದು."

"ಅಳತೆ ಕೊಡೋಕೆ ನಾನು ಬೆಂಗ್ಳೂರಿಗೆ ಬರ್ಬೇಕಾ? ನೀನು ಹುಟ್ಟೋಕೆ ಮುಂಚಿಂದ ತೋಳು ಅಳೀತಿದೀನಿ ಕಣಮ್ಮ. ಎಲ್ಲೆಲ್ಲಿ ಅಳೀಬೇಕು, ಅದನ್ನ ಹೇಳು ಸಾಕು."

ಲಗ್ನಗಳ ಕಾಲ ಅದು. ಕತ್ತರಿಸಬೇಕಾದ ಬ್ಲೌಸು ಪೀಸುಗಳು ಮೇಜಿನ ಮೇಲೆ ರಾಶಿ ಬಿದ್ದಿದ್ದವು. ಹುಡುಗಿ ಎರಡು ಸಲ ಬನ್ನಿ ಎಂದಳು, ಮೂರನೆಯ ಸಲ ನಕ್ಕು ಒಪ್ಪಿದಳು.

ಮಣಿಕಟ್ಟಿನಿಂದ ಕಂಕುಳವರೆಗೆ ಏಳು ಕಡೆ ನನ್ನನ್ನು ಸುತ್ತಿದರು. ಕೆಂಚಮ್ಮ ಒಂದು ತುದಿ ಹಿಡಿದಿದ್ದಳು, ಜಲಜಕ್ಕ ಎಡಗೈಯಿಂದ ಇನ್ನೊಂದನ್ನು ಎಳೆದಳು. "ಲೂಸ್ ಹಿಡೀಬೇಡ, ಎಳಿ" ಎಂದು ಗದರಿದಳು. ಅಂಕಿಗಳು ಬೆಂಗಳೂರಿಗೆ ಹೋದವು. ಸಾವಿರಾರು ಮೈಗಳನ್ನು ಅಳೆದ ನನಗೆ, ಒಡತಿಯ ಕೈ ಉಳಿಸುವ ಕೆಲಸ ಆ ದಿನ ಸಿಕ್ಕಿತೆಂದು ಬಹಳ ಹೆಮ್ಮೆಯಾಯಿತು.

ಹದಿನೈದು ದಿನಕ್ಕೆ ಪಾರ್ಸಲ್ ಬಂತು. ಮೈಬಣ್ಣದ, ರಬ್ಬರಿನಂತೆ ಹಿಗ್ಗುವ ಉದ್ದನೆಯ ತೋಳು. ಹಾಕಲು ಇಬ್ಬರೂ ಸೇರಿ ಅರ್ಧ ಗಂಟೆ ಹೆಣಗಿದರು.

"ಕುಂಬಳಕಾಯಿಗೆ ಕಾಲುಚೀಲ ಹಾಕ್ದಂಗಾಯ್ತಲ್ಲೇ" ಎಂದಳು ಕೆಂಚಮ್ಮ.

"ಬಿಗಿ ಇದ್ರೇನೇ ಇಳಿಯೋದು. ಸುಮ್ನಿರು."

ಮಲಗುವಾಗ ತೆಗೆಯಬೇಕೆಂದು ನಿಶ್ಚಿತಾ ಹೇಳಿದ್ದಳು. ಬೇಗ ಇಳಿಯಲಿ ಎಂದು ಜಲಜಕ್ಕ ಆಗಲೂ ತೆಗೆಯಲಿಲ್ಲ. ತೋಳಿನ ಮೇಲ್ತುದಿಯಲ್ಲಿ ಆ ಚೀಲ ಸುರುಳಿಯಾಗಿ ಹಗ್ಗದಂತೆ ಕೂತು ಮಾಂಸದಲ್ಲಿ ಕಾಲುವೆ ಮಾಡಿತು. ಪ್ರತಿ ಸೋಮವಾರ ಅವಳು ಅದನ್ನು ಬಿಚ್ಚಿ ಅದೇ ಕಾಲುವೆಯಲ್ಲಿ ನನ್ನನ್ನು ಸುತ್ತುತ್ತಿದ್ದಳು. ಬ್ಲೌಸಿನ ತೋಳು ಅಳೆಯುವ ಜಾಗ ಅದು, ಅವಳ ಕೈ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. "ನೋಡು, ಅರ್ಧ ಇಂಚು ಇಳಿದಿದೆ!" ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಅತ್ತ ಅವಳ ಮುಂಗೈ ಬನ್ನಿನಂತೆ ಉಬ್ಬಿ ಬೆರಳ ಗೆಣ್ಣುಗಳು ಮುಳುಗಿಹೋಗಿದ್ದವು.

"ಆ ಹುಡುಗಿಗೆ ಫೋನ್ ಮಾಡೇ ಜಲಜಾ. ಚೀಲ ಸರಿಯಾಗಿಲ್ಲ."

"ಏನಂತ ಮಾಡ್ಲಿ? ಅಳತೆ ಕೊಟ್ಟೋಳು ನಾನೇ. ಜಲಜಾಕ್ಷಿ ಅಳತೆ ತಪ್ಪಿದೆ ಅನ್ಲಾ?"

ಕೆಂಚಮ್ಮ ಹುಕ್ಸಿನ ಡಬ್ಬಿ ಎಳೆದುಕೊಂಡು ಮೂಲೆಯಲ್ಲಿ ಕುಳಿತಳು.

ಊದಿದ ಬೆರಳಿಗೆ ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಒಂದು ಸಲ ಚುಚ್ಚಿ ಕೈ ಕೆಂಪಾಗಿ ಜ್ವರ ಬಂತು. ಊರಿನ ಡಾಕ್ಟರು ಮಾತ್ರೆ ಕೊಟ್ಟರು, ಇಳಿಯಿತು. ಜ್ವರ ಇಳಿಯಿತೇ ಹೊರತು ಕೈ ಇಳಿಯಲಿಲ್ಲ. ಮೂರು ತಿಂಗಳ ಮೇಲೆ ಮತ್ತೆ ಚುಚ್ಚಿತು. ಈ ಸಲ ಮೊಣಕೈ ದಾಟಿ ಕೆಂಪಾಯಿತು, ಮೈ ಗಡಗಡ ನಡುಗಿತು. ಕೆಂಚಮ್ಮ ಅವಳನ್ನು ರೈಲು ಹತ್ತಿಸಿ ಬೆಂಗಳೂರಿಗೆ ಕರೆದೊಯ್ದಳು. ಅಂಥ ಜ್ವರದಲ್ಲೂ ಜಲಜಕ್ಕ ನನ್ನನ್ನು ಮರೆಯದೆ ಬ್ಯಾಗಿಗೆ ಹಾಕಿಕೊಂಡಳು. ಅಳತೆ ಸರಿಯಿತ್ತೆಂದು ತೋರಿಸಬೇಕಿತ್ತು ಅವಳಿಗೆ.

ಐದು ದಿನ ಎಡಗೈಗೆ ಬಾಟಲಿ ಹಾಕಿದ ಮೇಲೆ ಜ್ವರ ಬಿಟ್ಟಿತು. ನಿಶ್ಚಿತಾ ಬಂದು ತನ್ನ ಬಿಳಿ ಟೇಪಿನಿಂದ ತೋಳು ಅಳೆದಳು. ಎಡ ತೋಳನ್ನೂ ಅಳೆದಳು. ಅಂದು ಜಲಜಕ್ಕ ಫೋನಿನಲ್ಲಿ ಹೇಳಿದ್ದ ಅಂಕಿಗಳ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದಳು.

"ಆಂಟಿ, ಯಾವುದರಲ್ಲಿ ಅಳೆದ್ರಿ?"

ಜಲಜಕ್ಕ ನನ್ನನ್ನು ತೆಗೆದುಕೊಟ್ಟಳು. ಹುಡುಗಿ ಮಂಚದ ಮೇಲೆ ತನ್ನ ಟೇಪನ್ನು ಚಾಚಿ ಪಕ್ಕದಲ್ಲಿ ನನ್ನನ್ನು ಮಲಗಿಸಿದಳು. ತಲೆಗೆ ತಲೆ ಸೇರಿಸಿ ಬುಡದವರೆಗೆ ಸವರಿದಳು. ನನ್ನ ಅರವತ್ತು ಅವಳ ಅರವತ್ತನ್ನು ದಾಟಿ ಒಂದೂಮುಕ್ಕಾಲು ಇಂಚು ಆಚೆ ಬಿದ್ದಿತ್ತು.

"ನಿಮ್ಮ ಟೇಪ್ ಜಗ್ಗಿಹೋಗಿದೆ ಆಂಟಿ. ಇರೋದಕ್ಕಿಂತ ಕಡಿಮೆ ತೋರಿಸುತ್ತೆ. ಅದರ ಮೇಲೆ ಎಳೆದು ಬೇರೆ ಹಿಡ್ದಿದೀರ."

"ಇಲ್ಲಮ್ಮ. ಇದರಲ್ಲೇ ಇಪ್ಪತ್ತೆರಡು ವರ್ಷ ಹೊಲಿದಿದೀನಿ. ಒಂದು ಬ್ಲೌಸೂ ತಪ್ಪಿಲ್ಲ."

ಅವಳು ಹೇಳಿದ್ದು ನಿಜ. ಮೈ ಅಳೆದದ್ದೂ ನನ್ನಿಂದ, ಬಟ್ಟೆಗೆ ಗುರುತು ಹಾಕಿದ್ದೂ ನನ್ನಿಂದ. ಎರಡೂ ಕಡೆ ಒಂದೇ ತಪ್ಪಾದ್ದರಿಂದ ಬ್ಲೌಸು ಸರಿಯಾಗಿಯೇ ಕೂರುತ್ತಿತ್ತು. ನಾನು ಕೊಟ್ಟ ಅಂಕಿ ಇನ್ನೊಬ್ಬರ ಟೇಪಿನ ಮುಂದೆ ಹೋದದ್ದು ಅದೊಂದೇ ಸಲ. ಎಳೆದಷ್ಟೂ ಉದ್ದವಾಗುತ್ತಿದ್ದೇನೆಂದು ನನಗೆ ಗೊತ್ತಾಗಲಿಲ್ಲ. ಅಂಕಿಗಳು ಇದ್ದಲ್ಲೇ ಇದ್ದವು, ಅದನ್ನೇ ನಂಬಿದ್ದೆ.

ಜಲಜಕ್ಕನಿಗೂ ಅರ್ಥವಾಯಿತು. ಕತ್ತರಿ ಹಾಕುವವಳಿಗೆ ಅಷ್ಟು ಲೆಕ್ಕ ತಿಳಿಯದೇ ಇರುತ್ತದೆಯೇ? ಅವಳು ನನ್ನನ್ನು ಮಡಚಿ ಮಡಿಲಲ್ಲಿಟ್ಟುಕೊಂಡಳು.

"ತಪ್ಪು ನಂದೇ ಆಂಟಿ. ನೀವೆಷ್ಟೇ ಹೇಳಿದ್ರೂ ನಾನು ಕರೆಸ್ಬೇಕಿತ್ತು" ಎಂದಳು ಹುಡುಗಿ. ಅವಳ ಕಣ್ಣು ತುಂಬಿತ್ತು.

"ನಿಂದೇನಿಲ್ಲ ಬಿಡು. ಈಗ ಹೇಳು, ಕತ್ತರಿ ಹಿಡಿಯೋದು ಯಾವಾಗ?"

ನಿಶ್ಚಿತಾ ಅವಳ ಮುಂದೋಳನ್ನು ಹೆಬ್ಬೆರಳಿಂದ ಒತ್ತಿದಳು. ಮೊದಲೆಲ್ಲ ಒತ್ತಿದರೆ ಗುಳಿ ಬೀಳುತ್ತಿತ್ತು. ಈಗ ಬೀಳಲಿಲ್ಲ. ಒಳಗೆ ಗಟ್ಟಿಯಾಗಿತ್ತು.

"ಪಟ್ಟಿ ಸುತ್ತೋದು ಕಲಿಸ್ತೀನಿ. ದಿನಾ ಸುತ್ತಿದ್ರೆ ಸ್ವಲ್ಪ ಕಡಿಮೆ ಆಗ್ಬಹುದು. ಹೆಚ್ಚಾಗದ ಹಾಗೆ ನೋಡ್ಕೊಳ್ಳೋದೇ ಇನ್ನು ಕೆಲಸ. ಕತ್ತರಿ ಬೇಡ ಆಂಟಿ. ಸೂಜಿನೂ ಬೇಡ."

ಜಲಜಕ್ಕ ಅಳಲಿಲ್ಲ. "ಎಡಗೈ ಕತ್ತರಿ ಸಿಗುತ್ತೇನೋ" ಎಂದು ಕೆಂಚಮ್ಮನನ್ನು ಕೇಳಿದಳು. ಕೆಂಚಮ್ಮ ಕಿಟಕಿಯ ಕಡೆ ತಿರುಗಿದಳು.

ಎಡಗೈ ಕತ್ತರಿ ತರಿಸಿದ್ದೂ ಆಯಿತು. ಐವತ್ತು ದಾಟಿದ ಎಡಗೈ ಹೊಸ ಕೆಲಸ ಕಲಿಯಲಿಲ್ಲ. ಮೂರು ಪೀಸು ಹಾಳಾದ ಮೇಲೆ ಅದನ್ನು ಎತ್ತಿಟ್ಟಳು. ಗಿರಾಕಿಗಳು ಮೊದಮೊದಲು ಹಣ್ಣು ಹಿಡಿದು ನೋಡಲು ಬಂದರು, ಆಮೇಲೆ ಬರುವುದನ್ನು ಬಿಟ್ಟರು. ತಪ್ಪಲ್ಲ, ಹಬ್ಬಕ್ಕೆ ಬ್ಲೌಸು ಬೇಕಲ್ಲ. ಈಗ ಅಂಗಡಿಯಲ್ಲಿ ಸೀರೆಯ ಅಂಚಿಗೆ ಫಾಲ್ಸ್ ಹಾಕುವ ಕೆಲಸವಷ್ಟೇ ಬರುತ್ತದೆ, ಅದನ್ನು ಕೆಂಚಮ್ಮ ಮಾಡುತ್ತಾಳೆ. ಬೆಳಿಗ್ಗೆ ಜಲಜಕ್ಕನ ಕೈಗೆ ಮೂರು ಸುತ್ತು ಪಟ್ಟಿ ಕಟ್ಟುತ್ತಾಳೆ. ಒಗೆದ ಪಟ್ಟಿಗಳು ಹಿತ್ತಲ ತಂತಿಯ ಮೇಲೆ ಉದ್ದಕ್ಕೆ ನೇತಾಡುತ್ತವೆ. ನಾನು ಗೋಡೆಯ ಮೊಳೆಯಲ್ಲಿದ್ದೇನೆ. ನಿಶ್ಚಿತಾ ಕೊಟ್ಟ ಬಿಳಿ ಟೇಪು ಮೇಜಿನ ಮೇಲಿದೆ. ಅದು ನನ್ನೊಂದಿಗೆ ಮಾತಾಡುವುದಿಲ್ಲ.

ಒಂದು ವರ್ಷದಿಂದ ಜಲಜಕ್ಕ ನೈಟಿ ತೊಟ್ಟು ಮೇಲೊಂದು ಟವೆಲ್ ಹೊದ್ದೇ ಇದ್ದಾಳೆ. ಅವಳ ಯಾವ ಬ್ಲೌಸಿಗೂ ಬಲಗೈ ತೂರುವುದಿಲ್ಲ. ಮೊನ್ನೆ ಅವಳ ತಮ್ಮ ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದ. ಬರುವುದಿಲ್ಲವೆಂದರೆ ಕೇಳಲಿಲ್ಲ. ಬೇರೆ ದರ್ಜಿಯ ಮುಂದೆ ತೋಳು ಚಾಚಲು ಇವಳು ಒಪ್ಪಲಿಲ್ಲ. ಕೊನೆಗೆ ಇವತ್ತು ಮಧ್ಯಾಹ್ನ ಮೇಜಿನ ಮೇಲೆ ನೀಲಿ ಬಟ್ಟೆ ಹರಡಿ, ಜನ್ಮದಲ್ಲಿ ಕತ್ತರಿ ಹಾಕದ ಕೆಂಚಮ್ಮನ ಕೈಗೆ ಕತ್ತರಿ ಕೊಟ್ಟಳು.

"ಎಡ ತೋಳು ಹನ್ನೊಂದು. ಬಲ ತೋಳು ಹದಿನಾರೂವರೆ."

"ಎರಡು ತೋಳು ಬೇರೆಬೇರೆ ಇರೋ ಬ್ಲೌಸು ನಾನ್ ನೋಡೇ ಇಲ್ಲ ಕಣೇ."

"ನಾನೂ ಹೊಲಿದಿಲ್ಲ. ಹಾಕು."

ಕೆಂಚಮ್ಮ ಬಿಳಿ ಟೇಪು ಹಿಡಿದು ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಕತ್ತರಿ ಬಾಯಿ ತೆರೆದಳು.

"ತಡಿ. ಬಲ ತೋಳಿಗೆ ಒಳಗೆ ಎರಡಿಂಚು ಬಟ್ಟೆ ಬಿಡು."

"ಎರಡಿಂಚಾ? ಬೆಳೆಯೋ ಹುಡುಗೀರಿಗೆ ಬಿಟ್ಟಂಗೆ?"

"ಹೂಂ."

ಕೆಂಚಮ್ಮ ಅವಳ ಮುಖ ನೋಡಿದಳು. ಮಗಳನ್ನು ಮುಂದೆ ನಿಲ್ಲಿಸಿಕೊಂಡು, ಮುಂದಿನ ವರ್ಷಕ್ಕೂ ಆಗಬೇಕು ಒಳಗೆ ಬಟ್ಟೆ ಬಿಡ್ರಿ ಜಲಜಕ್ಕ ಎಂದು ನಗುತ್ತಾ ಹೇಳುವ ತಾಯಂದಿರನ್ನು ನಾನು ಎಷ್ಟೋ ಕಂಡಿದ್ದೇನೆ. ಈ ಕೋಣೆಯಲ್ಲಿ ಆ ಮಾತನ್ನು ನಗದೆ ಹೇಳಿದವಳು ಇವಳೊಬ್ಬಳೇ.

ಕೆಂಚಮ್ಮ ಹಳೆಯ ಗೆರೆಯನ್ನು ಅಂಗೈಯಿಂದ ಒರೆಸಿ, ಎರಡಿಂಚು ಆಚೆಗೆ ಹೊಸ ಗೆರೆ ಎಳೆದಳು.