ಕಾಳು ಕಚ್ಚಿ ಹೇಳಿದ ಮಾತು

ಆ ಬಯಲಿನ ಹೊಲಗಳಿಗೆಲ್ಲ ಕಟಾವಿನ ಯಂತ್ರ ಒಂದೇ. ಅದು ಯಾರ ಹೊಲಕ್ಕೆ ಇಳಿಯಬೇಕೆಂದು ತೀರ್ಮಾನಿಸುವ ಹಲ್ಲೂ ಒಂದೇ. ಆ ಹಲ್ಲಿನವನು ಮೆಕ್ಕೆಜೋಳದ ಕಾಳನ್ನು ದವಡೆಯಲ್ಲಿಟ್ಟು ಕಚ್ಚುತ್ತಿದ್ದ. ಕಟ್ ಎಂದರೆ ಒಣಗಿದೆ. ಮೆತ್ತಗೆ ನಲುಗಿದರೆ ಇನ್ನೂ ಹಸಿ, ಕಾಯಬೇಕು. ಜನ ಅವನನ್ನು ಹಲ್ಲಣ್ಣ ಎಂದೇ ಕರೆಯುತ್ತಿದ್ದರು, ತಮಾಷೆಗೆ ಅವನ ತಂಗಿಯೂ.

ಮೊನ್ನೆ ತಂಗಿಯ ಹೊಲದ ಸರದಿ. ಕಾಳು ಕಚ್ಚಿದ. ಕಟ್ ಎಂದಿತು. ಅದೇ ಗಳಿಗೆಗೆ, ಶರತ್ಕಾಲದ ತಿಳಿಬಾನಿನ ಪಡುವಣ ಅಂಚಿನಲ್ಲಿ ಸೀಸದ ಬಣ್ಣದ ಮೋಡದ ಗೆರೆಯೊಂದು ಅವನ ಕಣ್ಣಿಗೆ ಬಿತ್ತು. ಬೇರಾರೂ ಅತ್ತ ನೋಡಿರಲಿಲ್ಲ.

"ಇನ್ನೂ ಹಸಿ," ಎಂದುಬಿಟ್ಟ. "ಮೊದಲು ನನ್ನದು ಮುಗಿಸೋಣ."

ಡ್ರೈವರ್ ಅವನ ಹೊಲದತ್ತ ಯಂತ್ರ ತಿರುಗಿಸಿದ.

ನಿನ್ನೆ ಸಂಜೆ, ಅವನ ಕೊನೆಯ ಹೊರೆ ಕಣಜದ ಕೊಠಡಿ ಸೇರುವ ಹೊತ್ತಿಗೆ ಆಕಾಶ ಕಳಚಿಬಿತ್ತು. ಗುಡುಗಿನ ಬೆನ್ನಿಗೇ ಗಾಳಿ, ಗಾಳಿಯ ಬೆನ್ನಿಗೇ ನಿಂಬೆ ಗಾತ್ರದ ಆಲಿಕಲ್ಲು. ಬೆಚ್ಚಗಿನ ಕಾಳಿನ ರಾಶಿಗೊರಗಿ ಅವನು ಕಿವಿ ಮುಚ್ಚಿಕೊಂಡ. ತಗಡಿನ ಮಾಡಿನ ಮೇಲೆ ಒಂದೊಂದು ಕಲ್ಲೂ ಕಟ್, ಕಟ್ ಎನ್ನುತ್ತಿತ್ತು.

ಬೆಳಗ್ಗೆ ತಂಗಿಯ ಹೊಲ ಮಲಗಿತ್ತು. ಮುರಿದ ದಂಟುಗಳು ಕೆಸರಿಗೆ ಅಂಟಿದ್ದವು. ಯಂತ್ರಕ್ಕೆ ಎತ್ತಿಕೊಳ್ಳಲು ಏನೂ ಉಳಿದಿರಲಿಲ್ಲ. ಅವಳು ಬದುವಿನ ಮೇಲೆ ಕೂತು, ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಅವನತ್ತ ಚಾಚಿದಳು.

"ಕುಡಿಯೋ ಅಣ್ಣ. ಮುಖ ಯಾಕೆ ಹಾಗೆ ಹುಳ್ಳಗೆ ಮಾಡ್ಕೊಂಡಿದ್ದೀಯ? ಕಲ್ಲು ಸುರಿಸಿದ್ದು ನೀನಾ?"

ಅವನು ಮುಚ್ಚಳ ಕೈಗೆ ತೆಗೆದುಕೊಂಡ.

"ಒಂದು ಹೇಳ್ಲಾ, ನಗಬೇಡ," ಎಂದಳು. "ಮೊನ್ನೆ ನಾನೂ ಒಂದು ಕಾಳು ಕಚ್ಚಿ ನೋಡಿದ್ದೆ. ಕಟ್ ಅಂತು. ನೀನು ಹಸಿ ಅಂದ್ಯಲ್ಲ, ನನ್ನ ಹಲ್ಲಿಗೇ ಏನೂ ತಿಳಿಯಲ್ಲ ಅಂದ್ಕೊಂಡು ಸುಮ್ಮನಾದೆ."

ಅವನು ನಗಲಿಲ್ಲ. ಚಹಾ ತುಟಿಗೆ ಹೋಗದೆ ಕೈಯಲ್ಲೇ ಆರಿತು.

ಅಷ್ಟರಲ್ಲಿ ಡ್ರೈವರ್ ಬಂದ. ಕಲ್ಲಿನ ಏಟು ತಪ್ಪಿದ ಕೆರೆಯಾಚೆಯ ಹೊಲದಿಂದ ಒಂದು ಹಿಡಿ ಕಾಳು ತಂದಿದ್ದ. "ಹಲ್ಲಣ್ಣ, ಬೇಗ ಕಚ್ಚಿ ಹೇಳಿ. ಮತ್ತೆ ಮೋಡ ಹಾಕೋ ಹಾಗಿದೆ."

ಅವನು ಕಾಳು ತೆಗೆದುಕೊಂಡು ತಂಗಿಯ ಅಂಗೈಗೆ ಸುರಿದ.

"ಇನ್ನು ಮೇಲೆ ಇವಳನ್ನ ಕೇಳಪ್ಪ. ಮೊನ್ನೆ ಇವಳ ಕಾಳು ಒಣಗಿತ್ತು. ಮೋಡ ನೋಡಿದೆ, ನನ್ನದು ಉಳಿದ್ರೆ ಸಾಕು ಅನ್ನಿಸ್ತು. ಸುಳ್ಳು ಹೇಳಿದೆ."

ಡ್ರೈವರ್ ಪೆಚ್ಚಾಗಿ ತನ್ನ ಬೂಟು ನೋಡಿಕೊಂಡ. ತಂಗಿ ಅಣ್ಣನನ್ನು ನೋಡಿದಳು. ಆಮೇಲೆ ಮಲಗಿದ ಹೊಲವನ್ನು. ಆಮೇಲೆ ಏನನ್ನೂ ನೋಡಲಿಲ್ಲ. ಒಂದು ಕಾಳನ್ನೆತ್ತಿ ದವಡೆಗಿಟ್ಟಳು. ಆ ಸದ್ದು ಮೂವರಿಗೂ ಕೇಳಿಸಿತು.

"ಒಣಗಿದೆ," ಎಂದಳು ಡ್ರೈವರನಿಗೆ. "ನಡಿ, ನಾನೂ ಬರ್ತೀನಿ."

ಹೋಗುವಾಗ ಅವನ ಕೈಯಿಂದ ಮುಚ್ಚಳ ಇಸಿದುಕೊಂಡು, ತಣ್ಣಗಾದ ಚಹಾವನ್ನು ಕೆಸರಿಗೆ ಚೆಲ್ಲಿ, ಫ್ಲಾಸ್ಕಿಗೆ ಬಿಗಿಯಾಗಿ ತಿರುಗಿಸಿದಳು. ಹಲ್ಲಣ್ಣ ಎನ್ನಲಿಲ್ಲ, ಅಣ್ಣ ಎಂದೂ ಅನ್ನಲಿಲ್ಲ.